ಅಳಿವೆಯಲ್ಲಿ ಬೆಳಕು ಅಳೆಯುವ ಬಗೆ: ಕೆಸರೋ, ಕಷಾಯವೋ, ಪಾಚಿಯೋ?

ಮಳೆಗಾಲ ಕಳೆದು ಅಘನಾಶಿನಿ ಅಳಿವೆಯ ಕೆಂಪು ನೀರು ತಿಳಿಯಾಗತೊಡಗಿದಾಗ ನೋಡಿದವರಿಗೆ ಖುಷಿಯಾಗುವುದು ಸಹಜ. ಪಾಚಿಯ ಲೆಕ್ಕ ಇಡುವವರು ಮಾತ್ರ ಎಚ್ಚರವಾಗಬೇಕಾದದ್ದು ಆ ವಾರವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಹೊತ್ತು ತರುವ ನೀರಿನಲ್ಲಿ ಸಾರಜನಕ, ರಂಜಕಗಳಿಗೆ ಬರವಿಲ್ಲ. ಪಾಚಿಗೆ ಕೊರತೆಯಾಗುವುದು ಬೆಳಕು. ಕೆಸರು ಕೂತು ಬೆಳಕು ಒಳಗಿಳಿದ ಕೂಡಲೇ, ಕಾದು ಕೂತಿದ್ದ ಸೂಕ್ಷ್ಮಪಾಚಿ ಕೆಲವೇ ದಿನಗಳಲ್ಲಿ ಹತ್ತಾರು ಪಟ್ಟಾಗಬಲ್ಲದು. ಆಮೇಲೆ ಅದೇ ಪಾಚಿ ನೀರನ್ನು ಮತ್ತೆ ಮಬ್ಬಾಗಿಸುತ್ತದೆ. ನೀರು ಹಸಿರಾದ ಮೇಲೆ ಅಳೆಯಲು ಹೋದವರಿಗೆ ಸಿಗುವುದು ಕಥೆಯ ಎರಡನೇ ಅರ್ಧ ಮಾತ್ರ.

ಈ ಮಾರ್ಗದರ್ಶಿ ಕಾಲೇಜು ವಿದ್ಯಾರ್ಥಿಗಳಿಗೆ, ಸಿಗಡಿ ಮತ್ತು ಚಿಪ್ಪು ಸಾಕುವವರಿಗೆ, ಅಳಿವೆಯ ಮೇಲೆ ನಿಗಾ ಇಡಬಯಸುವ ಊರಿನ ಗುಂಪುಗಳಿಗೆ. ಉದಾಹರಣೆಗಳು ಅಘನಾಶಿನಿ ಮತ್ತು ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆಗಳವು. ಕಾಳಿ, ಶರಾವತಿ, ಗಂಗಾವಳಿಗೂ ಇದೇ ಕ್ರಮ ಸಲ್ಲುತ್ತದೆ.

ಬೆಳಕನ್ನು ತಿನ್ನುವ ಮೂವರು

ಶುದ್ಧ ನೀರು ಮೊದಲು ಕೆಂಪು ಬೆಳಕನ್ನು ಹೀರುತ್ತದೆ, ನೀಲಿಯನ್ನು ಆಳಕ್ಕೆ ಬಿಡುತ್ತದೆ. ನಡುಗಡಲು ನೀಲಿ ಕಾಣುವುದು ಅದಕ್ಕೇ. ಅಳಿವೆಯಲ್ಲಿ ಇದು ತಲೆಕೆಳಗು. ಕಾಡಿನ ಎಲೆ, ಕಾಂಡ್ಲಾ (ಮ್ಯಾಂಗ್ರೋವ್) ಬೇರು, ಗಜನಿ (ಅಳಿವೆಯಂಚಿನ ಉಪ್ಪುನೀರಿನ) ಗದ್ದೆಯ ಕೂಳೆ ಕೊಳೆತು ಬಿಟ್ಟ ಹಳದಿ-ಕಂದು ಬಣ್ಣ ನೀರಿನಲ್ಲಿ ಕರಗಿರುತ್ತದೆ. ಅದನ್ನು ಇಲ್ಲಿ ‘ಕಷಾಯ’ ಎಂದೇ ಕರೆಯೋಣ. ಕಷಾಯ ಹೀರುವುದು ಮುಖ್ಯವಾಗಿ ನೀಲಿಯನ್ನು. ಕೆಸರಿನ ಕಣಗಳು ಬೆಳಕನ್ನು ಹೀರುವುದಕ್ಕಿಂತ ಹೆಚ್ಚಾಗಿ ಚದುರಿಸುತ್ತವೆ. ಬೆಳಕು ನೇರವಾಗಿ ಇಳಿಯದೆ ಅಡ್ಡಾದಿಡ್ಡಿ ಓಡಾಡುತ್ತದೆ, ದಾರಿ ಉದ್ದವಾದಷ್ಟೂ ಹೀರಿಕೆ ಹೆಚ್ಚುತ್ತದೆ. ಪಾಚಿಯ ಕ್ಲೋರೊಫಿಲ್ 440 ನ್ಯಾನೊಮೀಟರ್ ಸುತ್ತಲಿನ ನೀಲಿಯನ್ನೂ 675ರ ಸುತ್ತಲಿನ ಕೆಂಪನ್ನೂ ತಿನ್ನುತ್ತದೆ. ಎಲ್ಲ ಸೇರಿ ಆಳಕ್ಕೆ ಉಳಿಯುವುದು ಹಸಿರು-ಹಳದಿ ಬೆಳಕು.

ಆಳಕ್ಕೆ ಹೋದಂತೆ ಬೆಳಕು ಒಂದೇ ಪ್ರಮಾಣದಲ್ಲಿ, ಅಂದರೆ ಪ್ರತಿ ಮೀಟರಿಗೆ ಇಂತಿಷ್ಟು ಪಾಲು ಎಂಬಂತೆ, ಕಡಿಮೆಯಾಗುತ್ತದೆ. ಆ ದರವನ್ನು ‘ಕ್ಷೀಣಾಂಕ’ ಎನ್ನೋಣ. 4.6ನ್ನು ಕ್ಷೀಣಾಂಕದಿಂದ ಭಾಗಿಸಿದರೆ ಮೇಲ್ಮೈ ಬೆಳಕಿನ ಶೇ. 1 ಉಳಿಯುವ ಆಳ ಸಿಗುತ್ತದೆ. ಪಾಚಿ ಬೆಳೆಯಬಲ್ಲ ಪದರ ಸುಮಾರಾಗಿ ಅಲ್ಲಿಯವರೆಗೆ. ಇದು ‘ಬೆಳಕಿನ ಪದರ’.

ಬೆಳಕಿನ ಪದರ ಎಷ್ಟು ಎಂಬುದರ ಜೊತೆಗೆ ನೀರು ಎಷ್ಟು ಆಳದವರೆಗೆ ಕಲಕುತ್ತಿದೆ ಎಂಬುದೂ ಬೇಕು. ನಾಲ್ಕು ಮೀಟರ್ ಆಳದ ಕಾಲುವೆಯಲ್ಲಿ ಮಳೆಗಾಲದ ಕ್ಷೀಣಾಂಕ 6 ಎಂದಿಟ್ಟುಕೊಳ್ಳಿ. ಬೆಳಕಿನ ಪದರ 77 ಸೆಂ.ಮೀ. ಮಾತ್ರ. ತಳದವರೆಗೆ ಕಲಕುವ ನೀರಿನಲ್ಲಿ ಪಾಚಿ ದಿನದ ಬಹುಪಾಲು ಕತ್ತಲಲ್ಲೇ ಇರುತ್ತದೆ. ಕಲಕುವ ಆಳ ಬೆಳಕಿನ ಪದರದ ಸುಮಾರು ಐದು ಪಟ್ಟು ಮೀರಿದರೆ ಅದರ ಗಳಿಕೆಗಿಂತ ಉಸಿರಾಟದ ಖರ್ಚೇ ಹೆಚ್ಚು. ಕ್ಷೀಣಾಂಕ 1.5ಕ್ಕೆ ಇಳಿದರೆ ಪದರ ಮೂರು ಮೀಟರಿಗೆ ಹಿಗ್ಗುತ್ತದೆ, ಬಾಗಿಲು ತೆರೆದಂತೆ. ಕೆಸರು ಪೂರ್ತಿ ಕೂರದಿದ್ದರೂ ಪಾಚಿ ಏಳಲು ಇನ್ನೊಂದು ದಾರಿ ಇದೆ: ಉಪ್ಪುನೀರಿನ ಮೇಲೆ ಒಂದು ಮೀಟರ್ ಸಿಹಿನೀರು ತೇಲಿ ನಿಂತರೆ ಕಲಕುವ ಆಳವೇ ಒಂದು ಮೀಟರ್ ಆಗಿಬಿಡುತ್ತದೆ. ಆಗ ಕ್ಷೀಣಾಂಕ 4 ಇದ್ದರೂ ಸಾಕು. ಬೆಳಕಿನ ಜೊತೆ ಉಪ್ಪನ್ನೂ ಅಳೆಯಿರಿ ಎನ್ನುವುದು ಇದಕ್ಕೇ.

ಹೊರಡುವ ದಿನ, ಹೊತ್ತು

ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಭರತ-ಇಳಿತ ಜೋರು. ತಳದ ಕೆಸರೆಲ್ಲ ಮೇಲೇಳುತ್ತದೆ. ಅಷ್ಟಮಿ ಕಳೆದ ಒಂದೆರಡು ದಿನ ಸೆಳೆತ ಮಂದ, ಕೆಸರು ಕೂರುತ್ತದೆ, ನೀರು ಪದರಗಟ್ಟುತ್ತದೆ. ಪಾಚಿ ಏಳುವ ಸಂಭವ ಹೆಚ್ಚಿರುವುದು ಈ ಮಂದ ದಿನಗಳಲ್ಲಿ. ಹಾಗಾಗಿ ತಿಂಗಳಿಗೊಮ್ಮೆ ‘ಮೊದಲ ಶನಿವಾರ’ ಎಂದು ಹೋದರೆ ಒಮ್ಮೆ ಜೋರಿನ ದಿನ, ಮತ್ತೊಮ್ಮೆ ಮಂದದ ದಿನ ಸಿಕ್ಕಿ ಅಂಕಿಗಳು ಹಾರಾಡುತ್ತವೆ. ಅದನ್ನು ಋತುವಿನ ಬದಲಾವಣೆ ಎಂದು ತಪ್ಪು ತಿಳಿಯುತ್ತೀರಿ. ವಾರಕ್ಕೊಮ್ಮೆ ಹೋದರೆ ಎರಡೂ ಸಿಗುತ್ತವೆ. ಅದಾಗದಿದ್ದರೆ ಪ್ರತಿ ಅಷ್ಟಮಿಯ ಮರುದಿನ ಎಂದು ನಿಗದಿ ಮಾಡಿಕೊಳ್ಳಿ.

ಹೊತ್ತು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ. ಸೂರ್ಯ ಕೆಳಗಿದ್ದಾಗ ಮೇಲ್ಮೈಯಿಂದ ಪ್ರತಿಫಲಿಸಿ ಹೋಗುವ ಬೆಳಕು ಹೆಚ್ಚು, ಒಳಗಿಳಿದದ್ದೂ ಓರೆಯಾಗಿ ಇಳಿಯುತ್ತದೆ. ಆ ನಾಲ್ಕು ತಾಸಿನೊಳಗೆ ನೀರು ನಿಂತ ಹೊತ್ತು, ಅಂದರೆ ಭರತ ಮುಗಿದು ಇಳಿತ ಶುರುವಾಗುವ ಮುನ್ನಿನ ಅರ್ಧ ತಾಸು, ಬೀಳುವ ದಿನ ಸಿಕ್ಕರೆ ಬಿಡಬೇಡಿ. ಹಗ್ಗ ನೆಟ್ಟಗೆ ಇಳಿಯುತ್ತದೆ.

ಜಾಗ ಮೂರಾದರೂ ಬೇಕು: ಅಳಿವೆಯ ಬಾಯಿ, ನಡುಭಾಗ, ಉಪ್ಪು ತಲುಪುವ ಮೇಲಿನ ಅಂಚು. ಸಿಹಿನೀರಿನ ನುಣ್ಣನೆಯ ಜೇಡಿ ಕಣಗಳು ಮೊದಲ ಉಪ್ಪು ತಾಗುತ್ತಲೇ ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಆ ಆಸುಪಾಸಿನಲ್ಲೇ ನೀರು ಅತ್ಯಂತ ಮಬ್ಬಾಗಿರುತ್ತದೆ. ಗಜನಿ ಕಟ್ಟಿನ ತೂಬಿನ ಎದುರು, ಪೇಟೆಯ ಕೊಳಚೆ ಸೇರುವ ಕಡೆ ಇನ್ನೊಂದು ಜಾಗ ಸೇರಿಸಬಹುದು, ಆದರೆ ಅದನ್ನು ಇಡೀ ಅಳಿವೆಯ ಸರಾಸರಿಗೆ ಬೆರೆಸಬೇಡಿ.

ಸೆಕಿ ತಟ್ಟೆ: ಮಾಡುವುದು, ಇಳಿಸುವುದು

ಇಟಲಿಯ ಪಾದ್ರಿ-ಖಗೋಳಜ್ಞ ಆಂಜೆಲೊ ಸೆಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಪರೀಕ್ಷಿಸಿದ, ನೀರು ಎಷ್ಟು ತಿಳಿ ಎಂದು ಅಳೆಯುವ ಈ ಬಗೆಯ ತಟ್ಟೆಗೆ ಇಂದಿಗೂ ಅಗ್ಗದ ಬದಲಿ ಇಲ್ಲ. 6 ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆಯಲ್ಲಿ 20 ಸೆಂ.ಮೀ. ಅಡ್ಡಳತೆಯ ವೃತ್ತ ಕತ್ತರಿಸಿ. ನಾಲ್ಕು ಭಾಗ ಮಾಡಿ ಎದುರುಬದುರು ಎರಡಕ್ಕೆ ಕಪ್ಪು, ಎರಡಕ್ಕೆ ಬಿಳಿ ಬಣ್ಣ ಹಚ್ಚಿ. ಬಣ್ಣ ಹೊಳಪಿಲ್ಲದ್ದಿರಲಿ, ಹೊಳೆಯುವ ಬಣ್ಣದಲ್ಲಿ ಕಪ್ಪು ಭಾಗವೂ ಬೆಳಗಿ ಮೋಸವಾಗುತ್ತದೆ. ನಡುವೆ ತೂತು ಕೊರೆದು ಕೊಕ್ಕೆಯ ಬೋಲ್ಟ್ ಹಾಕಿ, ಅಡಿಯಲ್ಲಿ ಒಂದರಿಂದ ಒಂದೂವರೆ ಕೆ.ಜಿ. ತೂಕ ಕಟ್ಟಿ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು, ಬೇರೆಯದನ್ನು ಉಪ್ಪುನೀರು ಒಂದೇ ಋತುವಿನಲ್ಲಿ ತಿಂದುಬಿಡುತ್ತದೆ.

ಹಗ್ಗದಲ್ಲೇ ಹೆಚ್ಚಿನವರು ಎಡವುವುದು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ತೆಂಗಿನ ನಾರು ಕುಗ್ಗುತ್ತದೆ. ಹೆಣೆದ ಪಾಲಿಯೆಸ್ಟರ್ ಹಗ್ಗ ತಂದು, ಒಂದು ರಾತ್ರಿ ನೀರಲ್ಲಿ ನೆನೆಸಿ, ತೂಕ ತೂಗುಹಾಕಿದಂತೆಯೇ ಗುರುತು ಮಾಡಿ. ಗುರುತು ತಟ್ಟೆಯ ಮೇಲ್ಮೈಯಿಂದ ಶುರುವಾಗಬೇಕು. ಮೊದಲ ಮೀಟರಿಗೆ 5 ಸೆಂ.ಮೀ.ಗೊಂದು, ಆಮೇಲೆ 10 ಸೆಂ.ಮೀ.ಗೊಂದು.

ಇಳಿಸುವಾಗ ದೋಣಿಯ ನೆರಳಿನ ಬದಿ. ತಂಪು ಕನ್ನಡಕ ತೆಗೆಯಿರಿ. ತಟ್ಟೆ ಮರೆಯಾದ ಆಳ ಹಿಡಿಯಿರಿ, ಇನ್ನಷ್ಟು ಇಳಿಸಿ, ನಿಧಾನ ಎತ್ತಿ ಮತ್ತೆ ಕಂಡ ಆಳ ಹಿಡಿಯಿರಿ. ಎರಡರ ಸರಾಸರಿ ಒಂದು ಅಳತೆ. ಹೀಗೆ ಮೂರು ಬಾರಿ, ಸಾಧ್ಯವಾದರೆ ಎರಡನೆಯವರ ಕಣ್ಣಿನಿಂದಲೂ. ಹಗ್ಗ ಸೆಳೆತಕ್ಕೆ ಓರೆಯಾದರೆ ಅಳತೆ ಹೆಚ್ಚು ಬರುತ್ತದೆ: 20 ಡಿಗ್ರಿ ಓರೆಗೆ 0.94ರಿಂದ, 30 ಡಿಗ್ರಿಗೆ 0.87ರಿಂದ ಗುಣಿಸಿ. ಅದಕ್ಕೂ ಹೆಚ್ಚು ಓರೆಯಾದರೆ ತೂಕ ಹೆಚ್ಚಿಸಿ, ಲೆಕ್ಕ ತಿದ್ದುತ್ತಾ ಕೂರಬೇಡಿ. 1.4 ಮೀ. ಆಳದಲ್ಲಿ ತಟ್ಟೆ ತಳ ಮುಟ್ಟಿಯೂ ಕಾಣುತ್ತಿದ್ದರೆ ‘1.4 ಮೀ.ಗಿಂತ ಹೆಚ್ಚು’ ಎಂದೇ ಬರೆಯಿರಿ. ಅಲ್ಲಿ ‘1.4’ ಎಂದಷ್ಟೇ ಬರೆದರೆ ಆ ಅಂಕಿ ಸುಳ್ಳು.

ಬೆಳಕಿನ ಮಾಪಕ

ದ್ಯುತಿಸಂಶ್ಲೇಷಣೆಗೆ ಒದಗುವ 400–700 ನ್ಯಾನೊಮೀಟರ್ ಬೆಳಕನ್ನು ಅಳೆಯುವ, ನೀರಲ್ಲಿ ಮುಳುಗುವ ಪಿಎಆರ್ ಸಂವೇದಕ ಬೇಕು. ಬಿಸಿಲ ನಡುಮಧ್ಯಾಹ್ನ ಗಾಳಿಯಲ್ಲಿ ಅದು ಚದರ ಮೀಟರಿಗೆ ಸೆಕೆಂಡಿಗೆ 2000 ಮೈಕ್ರೊಮೋಲ್ ಆಸುಪಾಸು ತೋರಿಸುತ್ತದೆ. ಗಾಳಿಗೆಂದು ಮಾಪನಾಂಕ ಮಾಡಿದ ಸಂವೇದಕ ನೀರಿನೊಳಗೆ ಕಡಿಮೆ ಓದುತ್ತದೆ, ಅದರ ಜೊತೆ ಬಂದ ಕಾಗದದಲ್ಲಿರುವ ಮುಳುಗಿನ ಗುಣಕ ಬಳಸಿ. ಕ್ಷೀಣಾಂಕವಷ್ಟೇ ಬೇಕಿದ್ದರೆ ಮತ್ತು ಎಲ್ಲ ಓದುಗಳೂ ನೀರಿನೊಳಗಿನವೇ ಆಗಿದ್ದರೆ ಇದರಿಂದ ತೊಂದರೆಯಿಲ್ಲ, ಗುಣಕ ಎರಡೂ ಕಡೆ ಹೊಡೆದುಹೋಗುತ್ತದೆ.

ಈ ಬಾರಿ ದೋಣಿಯ ಬಿಸಿಲಿನ ಬದಿ. ಸೆಕಿಗೆ ನೆರಳು, ಮಾಪಕಕ್ಕೆ ಬಿಸಿಲು. ಅದಲು ಬದಲಾದರೆ ಎರಡೂ ಕೆಟ್ಟವು. ದೋಣಿಯಿಂದ ಒಂದೂವರೆ ಮೀಟರ್ ದೂರಕ್ಕೆ ಬಿದಿರ ಗಳು ಚಾಚಿ ಅದರ ತುದಿಯಿಂದ ಇಳಿಸಿ. 0.25, 0.5, 1.0, 1.5 ಮೀಟರ್ ಆಳಗಳಲ್ಲಿ ತಲಾ ಅರ್ಧ ನಿಮಿಷದ ಸರಾಸರಿ ಓದಿ. ಮೇಲಿನ 10 ಸೆಂ.ಮೀ. ಬಿಡಿ, ಅಲ್ಲಿ ಅಲೆಗಳು ಬೆಳಕನ್ನು ಮಸೂರದಂತೆ ಕೂಡಿಸಿ ಚೆದುರಿಸುವುದರಿಂದ ಓದು ಕುಣಿಯುತ್ತದೆ. ಮೋಡ ಹಾದುಹೋದರೆ ಇಡೀ ಸಾಲು ಹಾಳು. ದೋಣಿಯ ಮೇಲೆ ಎರಡನೇ ಸಂವೇದಕ ಇಟ್ಟು ಪ್ರತಿ ಓದನ್ನೂ ಆ ಕ್ಷಣದ ಮೇಲಿನ ಬೆಳಕಿನಿಂದ ಭಾಗಿಸಿ. ಎರಡನೆಯದು ಇಲ್ಲದಿದ್ದರೆ ಇಳಿಯುತ್ತಾ ಒಮ್ಮೆ, ಏರುತ್ತಾ ಒಮ್ಮೆ ಓದಿ, ಎರಡಕ್ಕೂ ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಮತ್ತೆ ಶುರು ಮಾಡಿ.

ಲೆಕ್ಕ ಹೀಗೆ. ಓದುಗಳು 1200, 800, 360, 160 ಎಂದುಕೊಳ್ಳಿ. ಮೊದಲನೆಯದನ್ನು ಕೊನೆಯದರಿಂದ ಭಾಗಿಸಿದರೆ 7.5, ಅದರ ಸ್ವಾಭಾವಿಕ ಲಾಗರಿದಮ್ 2.01. ಆ ಎರಡು ಓದುಗಳ ಆಳದ ಅಂತರ 1.25 ಮೀಟರಿನಿಂದ ಭಾಗಿಸಿದರೆ ಕ್ಷೀಣಾಂಕ 1.61. ಬೆಳಕಿನ ಪದರ 2.86 ಮೀಟರ್. ಎರಡೇ ಅಂಕಿ ನಂಬಿ ಕೂರದೆ ನಾಲ್ಕೂ ಲಾಗರಿದಮ್‌ಗಳನ್ನು ಆಳದ ಎದುರು ನಕ್ಷೆ ಹಾಕಿ. ನೇರ ಗೆರೆ ಬಂದರೆ ನೀರು ಮೇಲಿಂದ ಕೆಳಗೆ ಒಂದೇ ಬಗೆಯದು. ನಡುವೆ ಮುರಿದು ಎರಡು ಇಳಿಜಾರು ಬಂದರೆ ಎರಡು ಪದರವಿದೆ. ಒಂದೇ ಗೆರೆ ಎಳೆದು ಮುಚ್ಚಿಹಾಕದೆ ಎರಡಕ್ಕೂ ಬೇರೆ ಬೇರೆ ಕ್ಷೀಣಾಂಕ ಬರೆಯಿರಿ. ರಿಫ್ರಾಕ್ಟೋಮೀಟರಿನಲ್ಲಿ ಮೇಲಿನ, ಕೆಳಗಿನ ನೀರಿನ ಉಪ್ಪು ನೋಡಿದರೆ ಮುರಿದ ಜಾಗ ಯಾಕೆಂದು ತಿಳಿಯುತ್ತದೆ.

ಲಕ್ಸ್ ತೋರಿಸುವ ಅಗ್ಗದ ಮಾಪಕ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಲೆಕ್ಕ, ಹಸಿರಿಗೆ ಒಲವು ಜಾಸ್ತಿ. ಅಳಿವೆಯಲ್ಲಿ ಆಳಕ್ಕೆ ಉಳಿಯುವುದೂ ಹಸಿರೇ. ಹಾಗಾಗಿ ಬೆಳಕು ನಿಜಕ್ಕಿಂತ ನಿಧಾನವಾಗಿ ಕಡಿಮೆಯಾಗುತ್ತಿದೆ ಎಂದು ತೋರಿಸುತ್ತದೆ. ಅದೇ ಮಾಪಕ, ಅದೇ ಜಾಗ, ವಾರದಿಂದ ವಾರಕ್ಕೆ ಹೋಲಿಕೆ ಎಂದಾದರೆ ಬಳಸಿ. 54 ಲಕ್ಸಿಗೆ ಒಂದು ಮೈಕ್ರೊಮೋಲ್ ಎಂಬ ಪರಿವರ್ತನೆ ಬಯಲ ಬಿಸಿಲಿಗೆ ಮಾತ್ರ, ನೀರಿನೊಳಗೆ ನಡೆಯದು. ನೀರಲ್ಲೇ ಬಿಟ್ಟುಬರುವ ಮಾಪಕವಾದರೆ ಅದರ ಗಾಜಿನ ಮೇಲೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟಿ ‘ಬೆಳಕು ಇಳಿಯುತ್ತಿದೆ’ ಎಂದು ಸುಳ್ಳು ಹೇಳತೊಡಗುತ್ತದೆ. ವಾರಕ್ಕೆರಡು ಬಾರಿ ಮೆತ್ತನೆ ಬಟ್ಟೆಯಿಂದ ಒರೆಸಿ, ಒರೆಸುವ ಮುಂಚಿನ ಮತ್ತು ಆಮೇಲಿನ ಓದು ಎರಡನ್ನೂ ದಾಖಲಿಸಿ.

ಎರಡು ಅಂಕಿಗಳ ಗುಣಾಕಾರ

ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಕಡಿಮೆ ಬಳಕೆಯಾಗುವ ಪರೀಕ್ಷೆ ಇದು: ಸೆಕಿ ಆಳವನ್ನು (ತಟ್ಟೆ ಮರೆಯಾಗುವ ಆಳ) ಕ್ಷೀಣಾಂಕದಿಂದ ಗುಣಿಸಿ.

ಚದುರಿದ ಬೆಳಕು ತಟ್ಟೆಯ ಅಂಚನ್ನು ಬೇಗ ಅಳಿಸುತ್ತದೆ. ಆದರೆ ಆ ಬೆಳಕು ಇನ್ನೂ ನೀರಲ್ಲೇ ಇದೆ, ಪಾಚಿಗೆ ಸಿಗುತ್ತದೆ. ಅಂದರೆ ಕೆಸರುನೀರಿನಲ್ಲಿ ಕಣ್ಣಿಗೆ ಆಗುವ ನಷ್ಟ ಬೆಳಕಿಗೆ ಆಗುವ ನಷ್ಟಕ್ಕಿಂತ ಹೆಚ್ಚು, ಗುಣಲಬ್ಧ ಚಿಕ್ಕದು: ಸಾಮಾನ್ಯವಾಗಿ 1ರಿಂದ 1.4. ಕಷಾಯದ ನೀರು ಬೆಳಕನ್ನು ನುಂಗುತ್ತದೆ, ಚದುರಿಸುವುದಿಲ್ಲ. ತಟ್ಟೆ ಕಂದಾಗಿಯಾದರೂ ಸ್ಪಷ್ಟವಾಗಿ ಕಾಣುತ್ತಲೇ ಇರುತ್ತದೆ, ಗುಣಲಬ್ಧ 2ನ್ನು ದಾಟುತ್ತದೆ. ಮೇಲಿನ ಉದಾಹರಣೆಯ 1.61ರ ಜೊತೆ ಸೆಕಿ 0.75 ಮೀ. ಇದ್ದರೆ ಗುಣಲಬ್ಧ 1.2, ಕೆಸರಿನ ಕೈವಾಡ. ಸೆಕಿ 1.30 ಇದ್ದರೆ 2.1, ಕಷಾಯ. ಬೆಳಕಿನ ಪದರ ಎರಡರಲ್ಲೂ ಒಂದೇ, ಸೆಕಿ ಮಾತ್ರ ಸುಮಾರು ಒಂದೂಮುಕ್ಕಾಲು ಪಟ್ಟು ವ್ಯತ್ಯಾಸ. ಸೆಕಿ ಆಳವನ್ನು ಒಂದೇ ಗುಣಕದಿಂದ, ಪುಸ್ತಕಗಳಲ್ಲಿ ಕಾಣುವ 1.7ರಂಥದರಿಂದ, ಬೆಳಕಾಗಿ ಪರಿವರ್ತಿಸುವವರು ಅಳಿವೆಯಲ್ಲಿ ಜಾರಿಬೀಳುವುದು ಇಲ್ಲೇ.

ಪಾಚಿ ಹೀರುತ್ತದೆ, ಚದುರಿಸುತ್ತದೆ ಕೂಡ. ಅದರ ಗುಣಲಬ್ಧ ನಡುವೆ ಎಲ್ಲೋ ಬೀಳುತ್ತದೆ. ಆದ್ದರಿಂದ ಪಾಚಿಗೆ ಬೇರೆ ಸಾಕ್ಷಿ ಬೇಕು.

ನೀರಿನ ಮಾದರಿ

ಮೇಲ್ಮೈಯಿಂದ ಬಾಟಲಿ ಮುಳುಗಿಸಿ ತರುವುದು ಸಾಲದು. ಚಾಟಿಯಂಥ ಎಳೆಗಳಿಂದ ಈಜುವ ಡೈನೊಫ್ಲಾಜೆಲೇಟ್ ಪಾಚಿಗಳಲ್ಲಿ ಹಲವು ಹಗಲು ಮೇಲೇರಿ ರಾತ್ರಿ ಕೆಳಗಿಳಿಯುತ್ತವೆ. ಬೆಳಿಗ್ಗೆ ಏಳರ ಬಾಟಲಿ ಮತ್ತು ಮಧ್ಯಾಹ್ನ ಒಂದರ ಬಾಟಲಿ ಬೇರೆ ಬೇರೆ ಅಳಿವೆಯಂತೆ ಕಾಣಬಹುದು. ಎರಡು ಮೀಟರ್ ಉದ್ದದ, 25 ಮಿ.ಮೀ. ಅಗಲದ ಪಿವಿಸಿ ಪೈಪನ್ನು ನೇರವಾಗಿ ಇಳಿಸಿ, ಮೇಲ್ತುದಿಯನ್ನು ಅಂಗೈಯಿಂದ ಮುಚ್ಚಿ ಎತ್ತಿ, ಕೆಳತುದಿ ನೀರಿನಿಂದ ಹೊರಬರುವ ಮುನ್ನ ರಬ್ಬರ್ ಬಿರಡೆ ಒತ್ತಿ. ಇಡೀ ಪದರದ ಮಾದರಿ ಸಿಗುತ್ತದೆ. ಬಕೆಟ್ಟಿಗೆ ಸುರಿದು ಕಲಕಿ, ಕಪ್ಪು ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಸೋಸಿ.

ಪ್ರಯೋಗಾಲಯದಲ್ಲಿ

ಕೆಸರಿಗೆ: ಮೊದಲೇ ತೂಗಿಟ್ಟ 0.7 ಮೈಕ್ರೋಮೀಟರಿನ ಗಾಜುನಾರಿನ ಶೋಧಕದಲ್ಲಿ 500 ಮಿ.ಲೀ. ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಗಿ. ಒಣಗಿಸುವ ಮುನ್ನ ಬಟ್ಟಿ ಇಳಿಸಿದ ನೀರು 10 ಮಿ.ಲೀ.ನಂತೆ ಮೂರು ಬಾರಿ ಹಾಯಿಸಿ, ಶೋಧಕದ ಅಂಚಿಗೂ ತಾಗುವಂತೆ. ಇದನ್ನು ಬಿಟ್ಟರೆ ಏನಾಗುತ್ತದೆ ನೋಡಿ: ಶೋಧಕದಲ್ಲಿ ಅರ್ಧ ಮಿ.ಲೀ. ಸಮುದ್ರದ ನೀರು ಉಳಿದರೂ ಸುಮಾರು 17 ಮಿ.ಗ್ರಾಂ. ಉಪ್ಪು. ಲೀಟರಿಗೆ 20 ಮಿ.ಗ್ರಾಂ. ಕೆಸರಿರುವ ನೀರಾದರೆ ಶೋಧಕದ ಮೇಲಿನ ಕೆಸರು ಹತ್ತೇ ಮಿ.ಗ್ರಾಂ.

ಕಷಾಯಕ್ಕೆ: 0.2 ಮೈಕ್ರೋಮೀಟರಿನ ಶೋಧಕದಿಂದ ಹಾದ ನೀರನ್ನು ಸ್ಪೆಕ್ಟ್ರೊಫೋಟೋಮೀಟರಿನಲ್ಲಿ (ಬೆಳಕಿನ ಹೀರಿಕೆ ಅಳೆಯುವ ಯಂತ್ರ) 440 ನ್ಯಾನೊಮೀಟರಿಗೆ ಓದಿ, 700ರ ಓದನ್ನು ಕಳೆಯಿರಿ. ಉಳಿದದ್ದನ್ನು 2.303ರಿಂದ ಗುಣಿಸಿ ಕೊಳವೆಯ ಉದ್ದದಿಂದ (ಮೀಟರಿನಲ್ಲಿ) ಭಾಗಿಸಿ. 10 ಸೆಂ.ಮೀ. ಕೊಳವೆಯಲ್ಲಿ 0.06 ಬಂದರೆ ಉತ್ತರ ಮೀಟರಿಗೆ 1.38. ಕಾಲೇಜುಗಳಲ್ಲಿರುವ 1 ಸೆಂ.ಮೀ. ಕೊಳವೆಯಲ್ಲಿ ಇದೇ ನೀರು 0.006 ತೋರಿಸುತ್ತದೆ, ಯಂತ್ರದ ನಡುಕಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದು. ಉದ್ದ ಕೊಳವೆ ಎರವಲು ತನ್ನಿ.

ಪಾಚಿಗೆ: ಮಂದ ಬೆಳಕಿನಲ್ಲಿ 250 ಮಿ.ಲೀ. ಸೋಸಿ, ಶೋಧಕವನ್ನು ಶೇ. 90ರ 10 ಮಿ.ಲೀ. ಅಸಿಟೋನಿನಲ್ಲಿ ಅರೆದು, ಬೆಂಕಿಯಿಂದ ದೂರ, ಕತ್ತಲಲ್ಲಿ, ತಂಪಿನಲ್ಲಿ ಒಂದು ರಾತ್ರಿ ಇಡಿ. ಕೂತ ಮೇಲೆ ತಿಳಿಯನ್ನು 1 ಸೆಂ.ಮೀ. ಕೊಳವೆಯಲ್ಲಿ 664, 647, 630 ನ್ಯಾನೊಮೀಟರಿಗೆ ಓದಿ, ಪ್ರತಿಯೊಂದರಿಂದ 750ರ ಓದು ಕಳೆಯಿರಿ. 11.85 × ಮೊದಲನೆಯದು, ಅದರಿಂದ 1.54 × ಎರಡನೆಯದು ಮತ್ತು 0.08 × ಮೂರನೆಯದನ್ನು ಕಳೆದರೆ ಒಂದು ಮಿ.ಲೀ. ಅಸಿಟೋನಿನಲ್ಲಿರುವ ಕ್ಲೋರೊಫಿಲ್-ಎ, ಮೈಕ್ರೊಗ್ರಾಂ ಲೆಕ್ಕದಲ್ಲಿ. 0.11, 0.03, 0.02 ಬಂದರೆ 1.256. ಹತ್ತರಿಂದ ಗುಣಿಸಿ 0.25 ಲೀಟರಿನಿಂದ ಭಾಗಿಸಿದರೆ ಲೀಟರಿಗೆ 50 ಮೈಕ್ರೊಗ್ರಾಂ. ಲೀಟರಿಗೆ ಒಂದು ಮೈಕ್ರೊಗ್ರಾಂ ಕ್ಲೋರೊಫಿಲ್ ಕ್ಷೀಣಾಂಕಕ್ಕೆ ಸುಮಾರು 0.015–0.02 ಸೇರಿಸುತ್ತದೆ, ಅಂದರೆ ಇಲ್ಲಿ 0.75ರಿಂದ 1.0. ಒಟ್ಟು 1.61ರಲ್ಲಿ ಅರ್ಧದಷ್ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಪಾಚಿಯೇ ತಿನ್ನುತ್ತಿದೆ. ತನ್ನ ಮೇಲೆ ತಾನೇ ನೆರಳು ಚೆಲ್ಲುವ ಈ ಹಂತಕ್ಕೆ ಬಂದ ಪಾಚಿ ಕೆಳಗಿನಿಂದ ಸಾಯತೊಡಗುತ್ತದೆ, ಕೊಳೆತು ತಳದ ಆಮ್ಲಜನಕ ಕಸಿಯುತ್ತದೆ. ಕೆಸರಿಗೆ ಇಂಥ ಸಿದ್ಧ ಗುಣಕ ಕೊಡುವುದು ಸರಿಯಲ್ಲ, ಕಣದ ಗಾತ್ರ ಜಾಗದಿಂದ ಜಾಗಕ್ಕೆ ಬೇರೆ. ಒಂದು ವರ್ಷದ ನಿಮ್ಮದೇ ಅಂಕಿಗಳಿಂದ ತೆಗೆಯಿರಿ.

ಪ್ರಯೋಗಾಲಯ ಇಲ್ಲದವರು ಒಂದು ಲೀಟರ್ ಗಾಜಿನ ಬಾಟಲಿಯನ್ನು ನೆರಳಲ್ಲಿ ಅಲ್ಲಾಡಿಸದೆ ಒಂದು ದಿನ ಇಡಿ. ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ತಳದಲ್ಲಿ ಕಂದು ಗಸಿ ಇದ್ದರೆ ಕೆಸರು. ಮೇಲೆ ತಿಳಿಯಾದ ಚಹಾದ ಬಣ್ಣ ಉಳಿದರೆ ಕಷಾಯ. ಹಸಿರು ಅಥವಾ ಕೆಂಪು ಮಬ್ಬು ತೇಲುತ್ತಲೇ ಇದ್ದರೆ ಪಾಚಿಯ ಶಂಕೆ. ಪೂರ್ತಿ ಸಿಹಿನೀರಿನ ಮಾದರಿಯಲ್ಲಿ ನುಣ್ಣನೆ ಜೇಡಿ ಒಂದು ದಿನಕ್ಕೆ ಕೂರುವುದಿಲ್ಲ, ಅದನ್ನು ಪಾಚಿ ಎನ್ನಬೇಡಿ.

ಬಣ್ಣ ಬಂದ ಮೇಲೆ

ಫೆಬ್ರುವರಿಯಿಂದ ಮೇ ನಡುವೆ ಕಡಲಿನಿಂದ ಅಳಿವೆಯ ಬಾಯಿಗೆ ಮರದ ಹೊಟ್ಟಿನಂಥ ಕಂದು ಪಟ್ಟೆ ತೇಲಿಬಂದರೆ ಟ್ರೈಕೊಡೆಸ್ಮಿಯಮ್ ಎಂಬ ನೀಲಿ-ಹಸಿರು ಪಾಚಿ ಇರಬಹುದು. ರಾತ್ರಿ ಹುಟ್ಟು ಹಾಕಿದಲ್ಲಿ ನೀಲಿ ಮಿಂಚು ಎದ್ದರೆ ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿ ಇರಬಹುದು. ಕೆಂಪು ನಾಕ್ಟಿಲೂಕಾದಲ್ಲಿ ಸ್ವಂತ ಕ್ಲೋರೊಫಿಲ್ ಇಲ್ಲ, ಅದು ಬೇರೆ ಪಾಚಿಯನ್ನು ತಿಂದು ಬದುಕುತ್ತದೆ. ನೀರು ಕೆಂಪಗಿದ್ದೂ ಕ್ಲೋರೊಫಿಲ್ ಕಡಿಮೆ ಬಂದರೆ ಪರೀಕ್ಷೆ ತಪ್ಪಿತು ಎಂದು ಎಸೆಯಬೇಡಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ.

ಉಪಗ್ರಹ ಚಿತ್ರ ಬಳಸುವವರಿಗೆ ಒಂದೇ ಮಾತು. ನಡುಗಡಲಿಗೆ ಮಾಡಿದ ನೀಲಿ-ಹಸಿರು ಅನುಪಾತದ ಕ್ಲೋರೊಫಿಲ್ ನಕ್ಷೆ ಅಳಿವೆಯಲ್ಲಿ ಕಷಾಯವನ್ನೇ ಪಾಚಿ ಎಂದು ತೋರಿಸುತ್ತದೆ. ಸೆಂಟಿನೆಲ್-2 ಉಪಗ್ರಹದ 665 ಮತ್ತು 705 ನ್ಯಾನೊಮೀಟರ್ ಪಟ್ಟಿಗಳ ವ್ಯತ್ಯಾಸ ನೋಡಿ. ಮಳೆಗಾಲದಲ್ಲಿ ಮೋಡ ಬಿಡುವುದಿಲ್ಲ, ಆಗ ದೋಣಿಯೇ ಗತಿ.

ಬೆಳಕಿನ ಅಳತೆಗಳು ಪಾಚಿ ಎಷ್ಟಿದೆ ಎಂದು ಹೇಳುತ್ತವೆ, ವಿಷವಿದೆಯೇ ಎಂದು ಹೇಳುವುದಿಲ್ಲ. 1983ರಲ್ಲಿ ಮಂಗಳೂರು ಭಾಗದಲ್ಲಿ ಚಿಪ್ಪು ತಿಂದವರಿಗೆ ಪಾರ್ಶ್ವವಾಯುವಿನಂಥ ವಿಷಬಾಧೆಯಾಗಿ ಸಾವೂ ಸಂಭವಿಸಿತ್ತು. ಆ ವಿಷ ಕುದಿಸಿದರೂ ಹೋಗದು, ನೀರಿನ ಬಣ್ಣ ಬದಲಾಗದೆಯೂ ಬರಬಹುದು. ಬಣ್ಣ ಕಂಡ ದಿನದಿಂದ ಬಳಚು, ಮರುವಾಯಿ, ಕಲ್ಲುಚಿಪ್ಪು ಹೆಕ್ಕುವುದನ್ನು ನಿಲ್ಲಿಸಿ, ಒಂದು ಬಾಟಲಿ ನೀರಿಗೆ (ಪಾಚಿ ಕೆಡದೆ ಉಳಿಯಲು) ಲುಗೋಲ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ಹಾಕಿ ಕತ್ತಲಲ್ಲಿಟ್ಟು, ಜಿಲ್ಲೆಯ ಮೀನುಗಾರಿಕೆ ಇಲಾಖೆಗೆ ತಿಳಿಸಿ. ಜೊತೆಗೆ ಒಂದು ಕಿಲೋದಷ್ಟು ಚಿಪ್ಪನ್ನೂ ಐಸಿನಲ್ಲಿ ಇಟ್ಟುಕೊಡಿ. ವಿಷದ ಪರೀಕ್ಷೆ ನಡೆಯುವುದು ಚಿಪ್ಪಿನ ಮಾಂಸದ ಮೇಲೆ.